ಮಳೆಗಾಲದ ದಾಸ್ತಾನಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ

ಮೇ ತಿಂಗಳು ಬಂತೆಂದರೆ ಕೊಡಗಿನ ನಾಪೋಕ್ಲು ಸುತ್ತಿನ ಮನೆಗಳಲ್ಲಿ ಒಂದು ಬಗೆಯ ಧಾವಂತ. ಸೌದೆ ಒಡೆದು ಸೂರಿನಡಿ ಪೇರಿಸಬೇಕು. ಅಕ್ಕಿ, ಬೇಳೆ, ಒಣಮೀನು, ಉಪ್ಪು, ಮೆಣಸಿನಕಾಯಿ ಅಟ್ಟ ಸೇರಬೇಕು. ಟಾರ್ಚಿನ ಸೆಲ್ಲು, ಮೇಣದಬತ್ತಿ, ಬೆಂಕಿಪೊಟ್ಟಣ ಒದ್ದೆಯಾಗದ ಡಬ್ಬಿಯೊಳಗೆ ಹೋಗಬೇಕು. ಮಳೆ ಹಿಡಿದ ಮೇಲೆ ಕಾವೇರಿ ಯಾವ ದಿನ ರಸ್ತೆಗೆ ಏರುತ್ತಾಳೆಂದು ಹೇಳುವಂತಿಲ್ಲ. ಬೊಳಿಬಾಣೆಯಲ್ಲಿ ನೀರು ನಿಂತರೆ ಮೂರ್ನಾಡಿನ ದಾರಿ ಬಂದ್. ಮರವೋ ಬರೆಯೋ ಕುಸಿದರೆ ಮಡಿಕೇರಿಯ ದಾರಿಯೂ ಬಂದ್. ಆಮೇಲೆ ಮನೆಯಲ್ಲಿ ಇದ್ದದ್ದೇ ಇದ್ದದ್ದು.

ಈ ಲೆಕ್ಕಾಚಾರದಲ್ಲಿ ನಮ್ಮ ದೊಡ್ಡಮ್ಮನನ್ನು ಮೀರಿಸುವವರಿಲ್ಲ. ಎಷ್ಟು ಸೇರು ಅಕ್ಕಿ ಎಷ್ಟು ದಿನಕ್ಕೆ ಎಂಬುದು ಅವರಿಗೆ ಅಳೆಯದೆಯೇ ಗೊತ್ತು. ಆದರೆ 2020ರ ಮಾರ್ಚ್ ಕೊನೆಯ ವಾರ ನಾನು ಮೈಸೂರಿನಿಂದ ಫೋನ್ ಮಾಡಿ "ದೊಡ್ಡಮ್ಮ, ಶುಗರ್ ಮಾತ್ರೆ ಎಷ್ಟು ಉಂಟು?" ಎಂದು ಕೇಳಿದಾಗ ಬಂದ ಉತ್ತರ ಇಂದಿಗೂ ಕಿವಿಯಲ್ಲಿದೆ.

"ಎಣಿಸಿಟ್ಟಿದ್ದೇನೆ ಮಗಾ. ಹನ್ನೊಂದು ಉಂಟು. ದಿನ ಬಿಟ್ಟು ದಿನ ತಗೊಂಡ್ರೆ ಇಪ್ಪತ್ತೆರಡು ದಿನಕ್ಕೆ ಬರ್ತದೆ."

ಅಕ್ಕಿಯ ಲೆಕ್ಕವನ್ನೇ ಅವರು ಮಾತ್ರೆಗೂ ಹಾಕಿದ್ದರು. ಅರ್ಧ ಊಟ ಮಾಡಿದವನಿಗೆ ಅರ್ಧವಾದರೂ ಹೊಟ್ಟೆ ತುಂಬೀತು. ಆದರೆ ದಿನ ಬಿಟ್ಟು ದಿನ ನುಂಗಿದ ಸಕ್ಕರೆ ಕಾಯಿಲೆಯ ಮಾತ್ರೆ ಅರ್ಧ ಕೆಲಸ ಮಾಡುವುದಿಲ್ಲ. ಬಿಟ್ಟ ದಿನ ಸಕ್ಕರೆ ಏರುತ್ತದೆ. ಏರಿದ್ದು ನಮಗೆ ತಿಳಿಯುವುದೂ ಇಲ್ಲ.

ಕೊಡಗಿನಲ್ಲಿ ಕೋವಿಡ್‌ನ ಮೊದಲ ಪ್ರಕರಣ ದೃಢಪಟ್ಟದ್ದು 2020ರ ಮಾರ್ಚ್ 19ರಂದು. ಆರು ದಿನದಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕೇರಳದ ಗಡಿ ಮುಚ್ಚಿತು. ಬಸ್ಸು ನಿಂತಿತು. ರೈಲು ಎಂಬುದು ಈ ಜಿಲ್ಲೆಗೆ ಮೊದಲೇ ಇಲ್ಲ. ಔಷಧದಂಗಡಿಗೆ ಸರ್ಕಾರ ಬೀಗ ಹಾಕಿಸಿರಲಿಲ್ಲ, ಆ ಮಾತು ಹೇಳಲೇಬೇಕು. ನಾಪೋಕ್ಲು ಪೇಟೆಯಲ್ಲಿ ಮೆಡಿಕಲ್ ತೆರೆದೇ ಇತ್ತು. ಆದರೆ ತೋಟದ ಒಳಗಿನ ಒಂಟಿ ಮನೆಯಿಂದ ಪೇಟೆಗೆ ಬರುವ ದಾರಿ ಮಾತ್ರ ಇರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಮಂಡಿನೋವು, ಏಳು ಕಿಲೋಮೀಟರು. ಕೊನೆಗೆ ಪಕ್ಕದ ಮನೆಯ ಹುಡುಗ ಬೈಕಿನಲ್ಲಿ ಹೋಗಿ ತಂದುಕೊಟ್ಟ. ಅಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು.

ಹೀಗೆ ದಿನ ಎಣಿಸಿದವರು ದೊಡ್ಡಮ್ಮ ಒಬ್ಬರೇ ಅಲ್ಲ. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 155 ದೇಶಗಳನ್ನು ವಿಚಾರಿಸಿದಾಗ ಅವುಗಳಲ್ಲಿ ಶೇ 49ರಷ್ಟು ದೇಶಗಳು ಸಕ್ಕರೆ ಕಾಯಿಲೆಯ ಚಿಕಿತ್ಸೆ ತಮ್ಮಲ್ಲಿ ಭಾಗಶಃ ಅಥವಾ ಪೂರ್ತಿ ಏರುಪೇರಾಗಿದೆ ಎಂದಿದ್ದವು. ಸೋಂಕಿನ ಹಿಂದೆ ಓಡುವ ಭರದಲ್ಲಿ, ದಿನಾ ಮಾತ್ರೆ ನುಂಗಿ ಸುಮ್ಮನೆ ಬದುಕುತ್ತಿದ್ದವರನ್ನು ಜಗತ್ತೇ ಮರೆತಿತ್ತು.

ಸೋಂಕಿಗೂ ಸಕ್ಕರೆಗೂ ಏನು ನಂಟು?

ಸಕ್ಕರೆ ಕಾಯಿಲೆ ಇದ್ದವರಿಗೆ ಕೋವಿಡ್ ಬೇಗ ಹತ್ತುತ್ತದೆ ಎಂದು ಆಗ ಜನ ಹೆದರಿದ್ದರು. ಮಾತು ಸ್ವಲ್ಪ ತಪ್ಪಿದೆ. ಅಪಾಯ ಇದ್ದದ್ದು ಸೋಂಕು ಹತ್ತುವುದರಲ್ಲಿ ಅಷ್ಟಲ್ಲ, ಹತ್ತಿದ ಮೇಲೆ ಅದು ಉಲ್ಬಣಿಸುವುದರಲ್ಲಿ. ಇಂಗ್ಲೆಂಡಿನ ಇಡೀ ಜನಸಂಖ್ಯೆಯ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅಲ್ಲಿನ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ಮೂರರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು. ವಯಸ್ಸು, ಬಡತನ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಟೈಪ್ 2 ಇದ್ದವರಲ್ಲಿ ಸಾವಿನ ಸಂಭವ ಸುಮಾರು ಎರಡು ಪಟ್ಟು, ಟೈಪ್ 1 ಇದ್ದವರಲ್ಲಿ ಮೂರೂವರೆ ಪಟ್ಟು ಹೆಚ್ಚಿತ್ತು. ಭಾರತದ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ. ಐಸಿಎಂಆರ್ ನೆರವಿನ ರಾಷ್ಟ್ರೀಯ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ನಮ್ಮಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಜ್ವರ ಬಂದಾಗ ಏನೂ ತಿನ್ನದಿದ್ದರೂ ಸಕ್ಕರೆ ಏರುವುದು ಏಕೆ ಎಂದು ದೊಡ್ಡಮ್ಮ ಕೇಳಿದ್ದರು. ಅವರಿಗೆ ಹೇಳಿದಂತೆಯೇ ಇಲ್ಲಿ ಹೇಳುತ್ತೇನೆ. ನಮ್ಮ ಪಿತ್ತಜನಕಾಂಗ ಮನೆಯ ಕಣಜವಿದ್ದಂತೆ, ಅದರೊಳಗೆ ಸಕ್ಕರೆಯ ದಾಸ್ತಾನಿದೆ. ಸೋಂಕು ನುಗ್ಗಿತೆಂದರೆ ಮೈ ಅದನ್ನು ಯುದ್ಧವೆಂದೇ ಬಗೆಯುತ್ತದೆ. ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೋಗಿ ಕಣಜದ ಬಾಗಿಲು ತೆಗೆಸುತ್ತವೆ, ಸಕ್ಕರೆ ರಕ್ತಕ್ಕೆ ಹರಿಯುತ್ತದೆ. ಅದೇ ಹಾರ್ಮೋನುಗಳು ಇನ್ಸುಲಿನ್ನಿನ ಕೈಯನ್ನೂ ಕಟ್ಟುತ್ತವೆ. ಆರೋಗ್ಯವಂತರಲ್ಲಿ ಮೇದೋಜೀರಕ ಹೆಚ್ಚು ಇನ್ಸುಲಿನ್ ಸುರಿಸಿ ನಿಭಾಯಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಆ ಶಕ್ತಿ ಕುಂದಿರುತ್ತದೆ. ಏರಿದ ಸಕ್ಕರೆ ಬಿಳಿರಕ್ತಕಣಗಳನ್ನು ಮಂಕು ಮಾಡುತ್ತದೆ, ಸೋಂಕು ಇನ್ನಷ್ಟು ಬಲಿಯುತ್ತದೆ, ಸಕ್ಕರೆ ಇನ್ನಷ್ಟು ಏರುತ್ತದೆ. "ಉಪವಾಸ ಇದ್ದೇನಲ್ಲ, ಮಾತ್ರೆ ಯಾಕೆ" ಎಂದು ಬಿಡುವವರು ಈ ಸುಳಿಗೇ ಸಿಕ್ಕುವುದು.

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಇನ್ಸುಲಿನ್ ತೀರಾ ಸಾಲದಾದಾಗ ಮೈ ಸಕ್ಕರೆಯನ್ನು ಉರಿಸಲಾರದೆ ಕೊಬ್ಬನ್ನು ಉರಿಸತೊಡಗುತ್ತದೆ. ಅದರಿಂದ ಕೀಟೋನ್ ಹುಟ್ಟಿ ರಕ್ತ ಆಮ್ಲವಾಗುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಬಾಯಲ್ಲಿ ಹಣ್ಣು ಕೊಳೆತಂಥ ವಾಸನೆ. ಆ ದಿನಗಳಲ್ಲಿ ಏದುಸಿರು ಎಂದರೆ ಕೋವಿಡ್ ಎಂದೇ ಎಲ್ಲರ ತಲೆಯಲ್ಲಿ ಕೂತಿತ್ತು. ಅದು ಸಕ್ಕರೆಯ ಏದುಸಿರೂ ಆಗಿರಬಹುದು, ಎರಡೂ ಒಟ್ಟಿಗೇ ಬಂದಿರಬಹುದು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ನೋಡಿದರೆ ಅರ್ಧ ಸಂಶಯ ಕಳೆಯುತ್ತದೆ. ಆ ಒಂದು ಹನಿ ನೋಡುವ ಯಂತ್ರ ಎಷ್ಟು ಮನೆಗಳಲ್ಲಿತ್ತು?

ಕಷಾಯ, ಬೆಲ್ಲ ಮತ್ತು ಮದ್ದು ಪಾಯಸ

ಲಾಕ್‌ಡೌನಿನ ಊಟದ ಬಗ್ಗೆ ಮಾತಾಡದೆ ಸಕ್ಕರೆಯ ಮಾತು ಪೂರ್ತಿಯಾಗದು. ಕೊಡಗಿನ ಊಟವೆಂದರೆ ಅಕ್ಕಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಇಲ್ಲವೇ ಪಾಪುಟ್ಟು, ನೂಪುಟ್ಟು, ಮಧ್ಯಾಹ್ನ ಅನ್ನ, ನೆಂಟರು ಬಂದರೆ ಕಡಂಬುಟ್ಟು. ಇದನ್ನು ಸರಿದೂಗಿಸುತ್ತಿದ್ದದ್ದು ಮೀನು, ಮಾಂಸ, ಸೊಪ್ಪು, ಕಾಳು, ಎಲ್ಲಕ್ಕಿಂತ ಮಿಗಿಲಾಗಿ ದಿನವಿಡೀ ತೋಟದಲ್ಲಿ ಹತ್ತಿ ಇಳಿಯುವ ಕೆಲಸ. ಬಾಗಿಲು ಮುಚ್ಚಿದ ದಿನಗಳಲ್ಲಿ ಸಂತೆ ಇಲ್ಲ, ತರಕಾರಿ ಇಲ್ಲ, ನಡಿಗೆ ಇಲ್ಲ. ಉಳಿದದ್ದು ಅಕ್ಕಿ ಮಾತ್ರ. ಕೇಂದ್ರ ಸರ್ಕಾರ 2020ರ ಏಪ್ರಿಲ್‌ನಿಂದ ಪಡಿತರ ಚೀಟಿ ಇದ್ದವರಿಗೆ ತಲೆಗೆ ಐದು ಕಿಲೋ ಧಾನ್ಯ ಪುಕ್ಕಟೆಯಾಗಿ ಕೊಟ್ಟಿತು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಎಷ್ಟೋ ಒಲೆ ಆರದೆ ಉಳಿದದ್ದು ಅದರಿಂದ. ಜೊತೆಗೆ ಬೇಳೆ ಸಿಕ್ಕಿದ್ದು ಮನೆಗೊಂದು ಕಿಲೋ. ಹಸಿವು ನೀಗಿಸುವಾಗ ಯಾರೂ ಸಕ್ಕರೆಯ ಲೆಕ್ಕ ನೋಡುವುದಿಲ್ಲ, ಅದು ಸಹಜ. ಆದರೆ ಮುಂದಿನ ಸಲ ಬೇಳೆಯ ಪಾಲು ಹೆಚ್ಚಿಸಬೇಕೆಂಬ ಮಾತನ್ನು ಈಗಲೇ ಆಡಬೇಕು.

ಕಷಾಯದ್ದು ಬೇರೆಯೇ ಕಥೆ. ಶುಂಠಿ, ಕರಿಮೆಣಸು, ತುಳಸಿ ಕುದಿಸಿ, ಕಹಿ ಕಳೆಯಲು ದೊಡ್ಡದೊಂದು ಅಚ್ಚು ಬೆಲ್ಲ. ಕೆಲವರು ಜೇನು. ದಿನಕ್ಕೆ ಮೂರು ಲೋಟ. ಮೆಣಸು ಬೆಳೆಯುವ, ಜೇನು ಸಾಕುವ ಊರಿನಲ್ಲಿ ಇದಕ್ಕೆ ಕೊರತೆ ಎಲ್ಲಿಯದು! ಬೆಲ್ಲದ ಕಾಫಿ ಮೊದಲೇ ಇತ್ತು, ಈಗ ಬೆಲ್ಲದ ಕಷಾಯವೂ ಸೇರಿತು. ಬೆಲ್ಲ, ಜೇನು ಸಕ್ಕರೆಯಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ರಕ್ತಕ್ಕೆ ಆ ವ್ಯತ್ಯಾಸ ತಿಳಿಯದು. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಕಷಾಯ ಕುಡಿಯಿರಿ, ಬೆಲ್ಲ ಬಿಟ್ಟು ಕುಡಿಯಿರಿ ಎಂದು ಒಬ್ಬರಾದರೂ ಗಟ್ಟಿಯಾಗಿ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಸಕ್ಕರೆ ಹತೋಟಿ ತಪ್ಪುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಆ ವರ್ಷದ ಆಗಸ್ಟ್ 3 ಎಂದಿನಂತೆ ಕಕ್ಕಡ ಹದಿನೆಂಟು, ಅಂದರೆ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮದ್ದು ಸೊಪ್ಪಿನಲ್ಲಿ ಅಂದು ಹದಿನೆಂಟು ಬಗೆಯ ಔಷಧ ಕೂಡಿರುತ್ತದೆಂಬುದು ನಾಡಿನ ನಂಬಿಕೆ. ಸೊಪ್ಪು ಕುದಿಸಿದ ಕಡುನೇರಳೆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಮಾಡಿದ ಪಾಯಸವನ್ನು ಮನೆಮಂದಿಯೆಲ್ಲ ತಿನ್ನಲೇಬೇಕು. ಮಹಾಮಾರಿಯ ವರ್ಷ ಬೇರೆ, ದೊಡ್ಡಮ್ಮ ಎರಡು ಬಟ್ಟಲು ತಿಂದರು. ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ. ವರ್ಷಕ್ಕೊಂದು ದಿನದ ಪಾಯಸವನ್ನು ಯಾವ ವೈದ್ಯರೂ ಕಿತ್ತುಕೊಳ್ಳಬೇಕಾಗಿಲ್ಲ. ಸಣ್ಣ ಬಟ್ಟಲು ತಿಂದು, ಆ ಹೊತ್ತಿನ ಅನ್ನ ಬಿಟ್ಟರಾಯಿತು. ಮೂರು ದಿನ ಕಳೆಯುವುದರೊಳಗೆ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಕ್ಕಿತು. ಕಾವೇರಿ ಉಕ್ಕಿದಳು. 2018, 2019ರ ನಂತರ ಸಾಲಾಗಿ ಮೂರನೆಯ ಆಗಸ್ಟ್ ಅದು. ಹೊರಗೆ ಸೋಂಕು, ರಸ್ತೆಯ ಮೇಲೆ ನೀರು, ಮನೆಯಲ್ಲಿ ಕರೆಂಟಿಲ್ಲ.

ಕರೆಂಟಿಲ್ಲದ ಮನೆಯಲ್ಲಿ ಇನ್ಸುಲಿನ್

ಕರೆಂಟು ಹೋದರೆ ಫ್ರಿಜ್ ಇಲ್ಲ, ಫ್ರಿಜ್ ಇಲ್ಲದಿದ್ದರೆ ಇನ್ಸುಲಿನ್ ಹಾಳು ಎಂದು ಹೆದರಿ ಸೀಸೆಯನ್ನೇ ಎಸೆದವರನ್ನು ನಾನು ಬಲ್ಲೆ. ಈ ಹೆದರಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು, ನಿಜ. ಆದರೆ ಬಳಕೆಯಲ್ಲಿರುವ ಸೀಸೆ ಅಥವಾ ಪೆನ್ ಕೋಣೆಯ ತಂಪಿನಲ್ಲಿ, ಅಂದರೆ 25 ಡಿಗ್ರಿಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ ನಾಲ್ಕು ವಾರ ಕೆಡದೆ ಇರುತ್ತದೆ. ಕಕ್ಕಡದ ನಾಪೋಕ್ಲುವಿನಲ್ಲಿ ಮನೆಯೊಳಗೆ 25 ಡಿಗ್ರಿ ದಾಟುವುದೇ ಅಪರೂಪ. ಬಳಸುತ್ತಿರುವ ಇನ್ಸುಲಿನ್ನಿಗೆ ಮಳೆಗಾಲದ ಕೊಡಗಿನ ಕೋಣೆ ಒಳ್ಳೆಯ ಜಾಗವೇ. ಒಲೆಯ ಮೇಲಿನ ಅಟ್ಟದಲ್ಲಿ, ಕಿಟಕಿಯ ಬಿಸಿಲಿನಲ್ಲಿ ಇಡಬಾರದು, ಅಷ್ಟೇ. ಕರೆಂಟು ಬಂದಾಗ ಗಾಬರಿಯಲ್ಲಿ ಫ್ರೀಜರಿಗೆ ತುರುಕಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ಮಾತ್ರ ಉಪಾಯ ಬೇಕು. ಹೊಸ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಸಣ್ಣ ಮಡಕೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೀಸೆಯನ್ನು ಅದರಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿದರೆ ಹೊರಗಿಗಿಂತ ಹಲವು ಡಿಗ್ರಿ ತಂಪು ಉಳಿಯುತ್ತದೆ.

ನಮ್ಮಲ್ಲಿ ಮಳೆಗಾಲದಲ್ಲಿ ಬೇಗ ಹಾಳಾಗುವುದು ಸಕ್ಕರೆ ನೋಡುವ ಸ್ಟ್ರಿಪ್. ಇದನ್ನು ನಾನು ಕಣ್ಣಾರೆ ಕಂಡೆ. ದೊಡ್ಡಮ್ಮ ಸುಲಭವಾಗಲೆಂದು ಸ್ಟ್ರಿಪ್‌ಗಳನ್ನು ಅವುಗಳ ಡಬ್ಬಿಯಿಂದ ಸುರಿದು, ಯಂತ್ರದ ಜೊತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಬಟ್ಟೆ ವಾರಗಟ್ಟಲೆ ಒಣಗದ, ಚಪ್ಪಲಿಗೆ ಬೂಸ್ಟು ಹಿಡಿಯುವ ಹವೆಯಲ್ಲಿ ಆ ಸ್ಟ್ರಿಪ್‌ಗಳು ತೇವ ಕುಡಿದು ಮನಸ್ಸಿಗೆ ಬಂದ ಅಂಕಿ ತೋರಿಸುತ್ತಿದ್ದವು. ಒಂದೇ ಬೆರಳು, ಐದು ನಿಮಿಷದ ಅಂತರ, ಒಮ್ಮೆ 148, ಒಮ್ಮೆ 231. ಕಂಪನಿಯ ಡಬ್ಬಿಯ ಮುಚ್ಚಳದಲ್ಲೋ ಗೋಡೆಯಲ್ಲೋ ತೇವ ಹೀರುವ ಪುಡಿ ಇರುತ್ತದೆ. ಅದಕ್ಕಾಗಿಯೇ ಸ್ಟ್ರಿಪ್ ಅದೇ ಡಬ್ಬಿಯಲ್ಲಿರಬೇಕು. ಒಂದನ್ನು ತೆಗೆದ ಕೂಡಲೇ ಟಪ್ಪೆಂದು ಮುಚ್ಚಬೇಕು. ನೋಡುವ ಮೊದಲು ಕೈಯನ್ನು ಸೋಪು ಹಾಕಿ ತೊಳೆದು ಒರೆಸಬೇಕು. ಕಿತ್ತಳೆ ಸುಲಿದ ಬೆರಳಿನ ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸಿಕೊಂಡರೆ ಅನಾಹುತವಾದೀತು.

2021ರ ಮೇ

ಎರಡನೆಯ ಅಲೆಯ ಬಗ್ಗೆ ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಮಡಿಕೇರಿಯ ಕೋವಿಡ್ ಆಸ್ಪತ್ರೆಯಲ್ಲಿ ಆಮ್ಲಜನಕದ ಹಾಸಿಗೆಗಾಗಿ ಕಾದವರ ನೆನಪು ಈ ಜಿಲ್ಲೆಯಲ್ಲಿ ಇನ್ನೂ ಹಸಿ. ಆ ಹೊತ್ತಿನಲ್ಲಿ ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಸ್ಟೀರಾಯ್ಡ್ ಜೀವ ಉಳಿಸುತ್ತಿತ್ತು. ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲೇ ಇದನ್ನು ತೋರಿಸಿತ್ತು. ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೇ ಒಂದರಷ್ಟು ತಗ್ಗಿತ್ತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವೇ ಇಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ಈ ಎರಡನೆಯ ಮಾತು ನಮ್ಮ ಊರುಗಳನ್ನು ತಲುಪಲಿಲ್ಲ. ತಲುಪಿದ್ದು ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ಔಷಧದ ಚೀಟಿ. ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರು ಎಷ್ಟೋ ಮಂದಿ.

ಸ್ಟೀರಾಯ್ಡ್ ಎಂದರೆ ಕಣಜದ ಬಾಗಿಲು ತೆಗೆಸುವ ಕಾರ್ಟಿಸೋಲಿನ ಅಣ್ಣ. ಬೆಳಿಗ್ಗೆ ನುಂಗಿದರೆ ಸಕ್ಕರೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆಗೆ ಏರುತ್ತದೆ. ನಾವು ನೋಡುವುದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಅಂಕಿ ಚೆನ್ನಾಗಿಯೇ ಕಾಣುತ್ತದೆ, ಮನೆಯವರು ನಿಶ್ಚಿಂತೆಯಲ್ಲಿರುತ್ತಾರೆ. ಸಂಜೆ ಐದಕ್ಕೆ ಅದು 400 ದಾಟಿರಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುವ ಸಕ್ಕರೆ ರೋಗಿಯ ಸಕ್ಕರೆಯನ್ನು ಊಟದ ನಂತರ, ಸಂಜೆ ಹೊತ್ತು ನೋಡಲೇಬೇಕು. ಕಾಯಿಲೆ ಇಲ್ಲದವರಲ್ಲೂ ಒಮ್ಮೆ ನೋಡುವುದು ಒಳಿತು. ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಆ ದಿನಗಳಲ್ಲೇ ಮೊದಲು ತಿಳಿದವರು ಬಹಳ.

ಕಪ್ಪು ಶಿಲೀಂಧ್ರ ಕಾದಿದ್ದು ಇಂಥ ಮೈಗಳಿಗಾಗಿಯೇ. ಮ್ಯೂಕರ್ ಜಾತಿಯ ಬೂಸ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಹಳಸಿದ ರೊಟ್ಟಿಯ ಮೇಲೆ ಎಲ್ಲೆಲ್ಲೂ ಇದೆ. ಅದನ್ನು ನಾವು ದಿನಾ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಸಕ್ಕರೆ ಮೇರೆ ಮೀರಿದಾಗ ಅದನ್ನು ನುಂಗಿಹಾಕುವ ಬಿಳಿರಕ್ತಕಣ ಸೋಲುತ್ತದೆ. ರಕ್ತ ಆಮ್ಲವಾದಾಗ ಪ್ರೋಟೀನುಗಳು ಬಿಗಿಹಿಡಿದಿದ್ದ ಕಬ್ಬಿಣಾಂಶ ಸಡಿಲವಾಗುತ್ತದೆ, ಶಿಲೀಂಧ್ರಕ್ಕೆ ಅದೇ ಮೇವು. ಸ್ಟೀರಾಯ್ಡ್ ಇದ್ದ ಬಲವನ್ನೂ ಕುಗ್ಗಿಸುತ್ತದೆ. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ. 2021ರ ಮೇ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿಸುವಂತೆ ರಾಜ್ಯಗಳಿಗೆ ಬರೆಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಈ ರೋಗಿಗಳಿಂದ ತುಂಬಿತು. ಆಂಫೊಟೆರಿಸಿನ್ ಬಿ ಎಂಬ ಔಷಧಕ್ಕಾಗಿ ಮನೆಯವರು ಊರೂರು ಅಲೆದರು. ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಸ್ಟೀರಾಯ್ಡ್ ದುರ್ಬಳಕೆಯೇ ಇದರ ದೊಡ್ಡ ಕಾರಣ ಎಂದು ಆಗಲೇ ಎಚ್ಚರಿಸಿದ್ದರು. ಜ್ವರದ ಬೆನ್ನಲ್ಲೇ ಮುಖದ ಒಂದು ಬದಿ ಜೋಮು ಹಿಡಿದರೆ, ಕಣ್ಣು ಊದಿದರೆ, ಮೂಗಿನಿಂದ ಕಪ್ಪು ಸಿಂಬಳ ಬಂದರೆ ಒಂದು ದಿನವನ್ನೂ ಕಳೆಯಬಾರದು. ಈ ಸಾಲನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಜ್ವರದ ದಿನ ಏನು ಮಾಡಬೇಕು?

ಸೋಂಕು ಯಾವುದೇ ಇರಲಿ, ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಜ್ವರದ ದಿನದ ಕ್ರಮ ಒಂದೇ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಪೂರ್ತಿ ನಿಲ್ಲಿಸಬಾರದು, ಊಟ ಸೇರದಿದ್ದರೂ. ಪ್ರಮಾಣವನ್ನು ವೈದ್ಯರು ಹೇಳಲಿ. ನಾಲ್ಕಾರು ಗಂಟೆಗೊಮ್ಮೆ ಸಕ್ಕರೆ ನೋಡಬೇಕು, ನೀರು ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ತಿಳಿ ಗಂಜಿಗೆ ಚಿಟಿಕೆ ಉಪ್ಪು ಹಾಕಿ ಕುಡಿದರೆ ಜ್ವರದ ಮೈಗೆ ಅದೇ ಆಹಾರ. ವಾಂತಿ, ಭೇದಿ ಹಿಡಿದು ಮೈ ಒಣಗಿದಾಗ ಮೆಟ್‌ಫಾರ್ಮಿನ್ ಸ್ವಲ್ಪ ದಿನ ನಿಲ್ಲಿಸಬೇಕಾಗಬಹುದು. ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಹೊಸ ಮಾತ್ರೆಗಳನ್ನಂತೂ ಜೋರು ಕಾಯಿಲೆಯ ದಿನ ನಿಲ್ಲಿಸಿ ಎನ್ನುತ್ತಾರೆ, ಏಕೆಂದರೆ ಸಕ್ಕರೆ ಅಂಕಿ ಹೆಚ್ಚೇನೂ ಏರದೆಯೇ ರಕ್ತ ಆಮ್ಲವಾಗುವ ಅಪಾಯ ಅವುಗಳಲ್ಲಿದೆ. ಗ್ಲಿಮೆಪಿರೈಡ್ ನುಂಗಿ ಊಟ ಮಾಡದಿದ್ದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಈ ಪ್ರಶ್ನೆಗಳನ್ನು ಜ್ವರ ಬಂದ ದಿನ ಕೇಳಿದರೆ ತಡವಾಯಿತು. ಆರೋಗ್ಯವಾಗಿರುವಾಗಲೇ ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಬೇಕು.

ನಾಪೋಕ್ಲು, ಎಮ್ಮೆಮಾಡು, ಚೆರಿಯಪರಂಬುಗಳ ಮುಸ್ಲಿಂ ಮನೆಗಳಿಗೆ 2020 ಮತ್ತು 2021ರಲ್ಲಿ ರಂಜಾನ್ ಉಪವಾಸವೂ ಬಾಗಿಲು ಮುಚ್ಚಿದ ದಿನಗಳಲ್ಲೇ ಬಂತು. ಉಪವಾಸದ ನಡುವೆ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕೆಂಬುದು ವೈದ್ಯರ ಮಾತು. ಬೆರಳು ಚುಚ್ಚಿ ರಕ್ತ ನೋಡಿಕೊಂಡರೆ ಉಪವಾಸ ಮುರಿಯುವುದಿಲ್ಲವೆಂದು ಧಾರ್ಮಿಕ ವಿದ್ವಾಂಸರೂ ಹೇಳಿದ್ದಾರೆ.

ಕಾಲಿನ ಬಗ್ಗೆ ಒಂದು ಮಾತು. ಮಳೆಗಾಲದ ತೋಟದಲ್ಲಿ ಜಿಗಣೆ ಕಚ್ಚದ ಕಾಲಿಲ್ಲ. ಸಕ್ಕರೆಯಿಂದ ನರ ಮರಗಟ್ಟಿದ ಕಾಲಿಗೆ ಜಿಗಣೆಯೂ ತಿಳಿಯದು, ಗಂಬೂಟಿನೊಳಗಿನ ಕಲ್ಲೂ ತಿಳಿಯದು. ಲಾಕ್‌ಡೌನಿನಲ್ಲಿ ಸಣ್ಣ ಗಾಯಕ್ಕೆ ಆಸ್ಪತ್ರೆಗೆ ಯಾಕೆ ಹೋಗುವುದೆಂದು ಕಾದು, ಬೆರಳೇ ಕಳೆದುಕೊಂಡವರಿದ್ದಾರೆ. ರಾತ್ರಿ ಮಲಗುವ ಮುನ್ನ ಪಾದ ಒರೆಸಿ ಬೆರಳ ಸಂದು ನೋಡಿಕೊಳ್ಳಲು ಎರಡು ನಿಮಿಷ ಸಾಕು.

ಸರ್ಕಾರ ಏನೂ ಮಾಡಲಿಲ್ಲವೆಂದರೆ ಸುಳ್ಳಾಗುತ್ತದೆ. ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ ದೂರವಾಣಿ ವೈದ್ಯಕೀಯಕ್ಕೆ ನಿಯಮ ಬಂತು. ಏಪ್ರಿಲ್ 14ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಸೂಚನೆಯಲ್ಲಿ ಸಕ್ಕರೆ, ಬಿ.ಪಿ. ರೋಗಿಗಳಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಒಮ್ಮೆಗೇ ಕೊಡಬಹುದು, ಆಶಾ ಕಾರ್ಯಕರ್ತೆಯರ ಮೂಲಕ ಮನೆಗೇ ತಲುಪಿಸಬಹುದು ಎಂದಿತ್ತು. ಇಡೀ ಮಹಾಮಾರಿಯಲ್ಲಿ ಸಕ್ಕರೆ ರೋಗಿಗಳ ಪಾಲಿಗೆ ಹೊರಟ ಅತ್ಯಂತ ವಿವೇಕದ ಆದೇಶ ಇದೇ ಎಂಬುದು ನನ್ನ ಎಣಿಕೆ. ಅದು ಮಹಾಮಾರಿಯ ಜೊತೆಗೇ ಮುಗಿಯಬಾರದು. ಕಾವೇರಿ ತುಂಬುವ ಪ್ರತಿ ವರ್ಷವೂ, ಮೇ ತಿಂಗಳಲ್ಲೇ, ನಾಪೋಕ್ಲುವಿನಂಥ ಊರುಗಳ ಸರ್ಕಾರಿ ಆಸ್ಪತ್ರೆಗಳಿಂದ ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗುವಂತಾಗಬೇಕು. ರಸ್ತೆ ಮುಚ್ಚಿದ್ದು ಸೋಂಕಿನಿಂದಲೋ ನೀರಿನಿಂದಲೋ, ಮಾತ್ರೆ ಮುಗಿದವರಿಗೆ ಎರಡೂ ಒಂದೇ.

ಈಗ ದೊಡ್ಡಮ್ಮನ ಅಟ್ಟದಲ್ಲಿ ಒಣಮೀನಿನ ಡಬ್ಬಿಯಿಂದ ದೂರ, ಗೋಡೆಯ ಪಕ್ಕ, ಬಿಗಿ ಮುಚ್ಚಳದ ಇನ್ನೊಂದು ಡಬ್ಬಿ ಇದೆ. ಮೂರು ತಿಂಗಳ ಮಾತ್ರೆ, ಎರಡು ಡಬ್ಬಿ ಸ್ಟ್ರಿಪ್, ಯಂತ್ರಕ್ಕೆ ಬದಲಿ ಸೆಲ್ಲು, ಸಕ್ಕರೆಯ ಪೊಟ್ಟಣ, ವೈದ್ಯರು ಬರೆದುಕೊಟ್ಟ ಹಾಳೆ. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರಿದ್ದರೆ ಇವತ್ತೇ ಅವರ ಡಬ್ಬಿ ತೆರೆದು ಮಾತ್ರೆ ಎಣಿಸಿ. ದೂರದ ಊರಿನಲ್ಲಿದ್ದರೆ ಫೋನ್ ಮಾಡಿ ಕೇಳಿ. ಹನ್ನೊಂದು ಎಂದು ಉತ್ತರ ಬಂದರೆ, ನಾಳೆ ಬೆಳಿಗ್ಗೆಯೇ ಯಾರನ್ನಾದರೂ ಪೇಟೆಗೆ ಕಳಿಸಿ.